ತಲೆಗೆ ಸಸಿ ಹಚ್ಚಿಸಲು ಹೋದ ದಿನ

ಗೆಳೆಯರೇ, ತೊಂಬತ್ತೇಳರಲ್ಲಿ ನನಗೆ ಇಪ್ಪತ್ತೆಂಟು ವರ್ಷ, ಮುಂದಲೆ ಪೂರ್ತಿ ಬೋಳು. ಸಂತೆಕಲ್ಲೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ, "ಇವರಿಗಿದು ಎರಡನೇ ಸಂಬಂಧ ಏನ್ರಿ?" ಎಂದು ಕೇಳಿದರು. ಆ ವಾರವೇ ಹೈದರಾಬಾದಿನಲ್ಲಿ ಕೂದಲು ಕಸಿಗೆ ದಿನ ಗೊತ್ತುಮಾಡಿದೆ.

ನನಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಧೈರ್ಯಕ್ಕಿರಲಿ ಎಂದು ಅಕ್ಕ ತನ್ನ ಗಂಡನನ್ನು ಜೊತೆಗೆ ಕಳಿಸಿದಳು. ಸಿಂಧನೂರಿನಲ್ಲಿ ಬಸ್ಸು ಹತ್ತಿದ ಕೂಡಲೇ ಭಾವ ದೊಡ್ಡ ದನಿಯಲ್ಲಿ ಶುರುಮಾಡಿದರು: "ಅಂಜಬ್ಯಾಡಲೇ! ದಢೇಸುಗೂರ ಗದ್ದ್ಯಾಗ ನೆಲ್ಲಿನ ಸಸಿ ಹಚ್ಚಿದಂಗ ತೆಲಿಗೆ ಕೂದ್ಲ ಹಚ್ಚತಾರ, ಅಷ್ಟ."

ಬಸ್ಸಿಗೆ ಬಸ್ಸೇ ನನ್ನ ತಲೆಯತ್ತ ತಿರುಗಿತು. ಹಿಂದಿನ ಸೀಟಿನ ಮುದುಕ ಕಳಕಳಿಯಿಂದ ಕೇಳಿದ, "ನೀರು ಎಷ್ಟ ದಿನಕ್ಕೊಮ್ಮೆ ಬಿಡಬೇಕಪಾ?" ಹೈದರಾಬಾದು ಬರುವವರೆಗೂ ನಾನು ಟವೆಲು ಹೊದ್ದು ಕೂತಿದ್ದೆ.

ಆಸ್ಪತ್ರೆಯಲ್ಲಿ ನರ್ಸ್ ನನ್ನ ತಲೆಗೆ ಚುಚ್ಚಲು ಸಿರಿಂಜ್ ಎತ್ತಿದ್ದೇ ತಡ, ಪಕ್ಕದಲ್ಲಿ ದಬ್ಬೆಂದು ಸದ್ದಾಯಿತು. ನನ್ನ ಕೈ ಹಿಡಿದು ನಿಂತಿದ್ದ ಭಾವ ನೆಲದ ಮೇಲಿದ್ದರು. ನಾನೇ ಮಂಚದಿಂದಿಳಿದು ಅವರ ಮುಖಕ್ಕೆ ನೀರು ಚಿಮುಕಿಸಿ ಗಾಳಿ ಹಾಕಿದೆ.

ಕಣ್ಣು ತೆರೆದವರು, "ಮುಗೀತೇನಲೇ?" ಎಂದರು.

"ಇನ್ನಾ ಶುರುನ ಆಗಿಲ್ಲರಿ. ನೀವು ಹೊರಗ ಕುಂದರ್ರಿ."

ನಗುತ್ತಲೇ ಮಲಗಿದೆ, ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಮುಂದೆ ಕೂದಲೂ ಬಂತು, ಹೆಂಡತಿಯೂ ಬಂದಳು.

ಇವತ್ತು ಊಟಕ್ಕೆ ಬಂದ ಭಾವ ನನ್ನ ಮಕ್ಕಳೆದುರು ಎದೆ ತಟ್ಟಿಕೊಂಡರು: "ನಾ ಇದ್ದೆ ಅಂತ ನಿಮ್ಮಪ್ಪಗ ಧೈರ್ಯ ಬಂತು."

ನಿಜವೇ. ಆದರೆ ಅವರು ನಿಂತದ್ದಕ್ಕಲ್ಲ, ಬಿದ್ದದ್ದಕ್ಕೆ.