ಗೂಟ ಹೊಡೆದದ್ದು ಈಚೆ, ಗೋಡೆ ಬಿದ್ದದ್ದು ಆಚೆ

ಹೋದ ತಿಂಗಳು ನಮ್ಮ ಮನೆಯ ಗೋಡೆಗೆ ಒಂದು ಗೂಟ ಹೊಡೆಯಲು ಹೋದೆ. ಪಕ್ಕದ ಮನೆಯೊಳಗೆ ಗೋಡೆ ಬಿತ್ತು.

ನಗಬೇಡಿ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಸಿರಾದಲ್ಲಿ ನಮ್ಮ ಮನೆಗೂ ಹಾಸಿಗೆ ಹೊಲಿಯುವ ಕರೀಂ ಸಾಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ತಂಗಿಯನ್ನು ನೋಡಲು ಮಧುಗಿರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಮನೆ ಸ್ವಲ್ಪ ಮಾಡರ್ನ್ ಆಗಿ ಕಾಣಲೆಂದು ಸುಣ್ಣಕ್ಕೆ ನೀಲಿ ಬೆರೆಸಿ ಬಳಿದೆ. (ಅರ್ಧ ಗೋಡೆಗೆ, ಉಳಿದರ್ಧ ನನ್ನ ತಲೆಗೆ.) ಗೂಟ ಹೊಡೆದು ತೂಗುಹಾಕಲು ಹೆಡ್‌ಮಾಸ್ತರರಿಂದ ಗೋಡೆ ಗಡಿಯಾರವೊಂದನ್ನು ಎರವಲು ತಂದೆ. ಅದು ನಡೆಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಟೈಮ್ ನೋಡುತ್ತಾರೆಯೇ?

ಇಂಥ ಗೋಡೆಗಳಿಗೆ ನಮ್ಮಲ್ಲೊಂದು ಪದ್ಧತಿಯಿದೆ. ದೀಪ, ಡಬ್ಬಿ ಇಡಲು ಗೋಡೆಯನ್ನೇ ಕೊರೆದು ಗೂಡು ಮಾಡಿಕೊಂಡಿರುತ್ತಾರೆ. ಆಚೆಯವರ ಗೂಡಿನ ಬೆನ್ನು ನಮಗೆ ಕಾಣದು. ಅಲ್ಲಿ ಗೋಡೆ ತೀರಾ ತೆಳು. ಅದಕ್ಕೇ ಗೂಟ ಹೊಡೆಯುವ ಮುನ್ನ ಕೂಗಬೇಕು. ಗೂಡಿರುವ ಕಡೆ ಆಚೆಯವರು ಕೈ ಬಡಿದು ತೋರಿಸುತ್ತಾರೆ. ಆ ಸದ್ದು ಬಿಟ್ಟು ಬೇರೆ ಕಡೆ ಹೊಡೆಯಬೇಕು.

"ಬೂಬಮ್ಮಂಗೆ ಒಂದು ಮಾತು ಕೂಗಿ ಹೊಡಿಯಲಾ," ಎಂದಳು ಅವ್ವ. ಬೂಬಮ್ಮ ಕರೀಂ ಸಾಬರ ಹೆಂಡತಿ.

ನಾನು ಟವೆಲನ್ನು ಸೆರಗಿನಂತೆ ಹೊದ್ದು, ಅವ್ವನ ದನಿಯಲ್ಲೇ ಅದನ್ನು ಮೂರು ಸಲ ಹೇಳಿದೆ. ತಂಗಿ ನಕ್ಕಳು. ಆಚೆಗೆ ಕೇಳುವಂತೆ ಮಾತ್ರ ಒಮ್ಮೆಯೂ ಕೂಗಲಿಲ್ಲ.

ಗೂಟಕ್ಕೆ ತೂತು ಮಾಡಲು ಹಾರೆ ಎತ್ತಿದೆ. ನಾಲ್ಕನೆಯ ಏಟಿಗೆ ಅದು ಸರ್ರನೆ ಒಳಕ್ಕೆ ಹೋಯಿತು. ಆಚೆ ಧೊಪ್ಪೆಂದಿತು. ಹಿಂದೆಯೇ ಜುಬೇದಾಳ ಕೂಗು.

ಜುಬೇದಾ ಕರೀಂ ಸಾಬರ ಮಗಳು, ಹಸಿ ಬಾಣಂತಿ. ಇಪ್ಪತ್ತು ದಿನದ ಮಗುವನ್ನು ಆ ಗೋಡೆಯ ಬದಿಗೇ ಮಲಗಿಸುತ್ತಾಳೆಂದು ನನಗೆ ಗೊತ್ತಿತ್ತು. ದಿನಾ ಅದರ ಅಳು ಕೇಳುತ್ತಿದ್ದೆ. ಗೆಳೆಯರ ಮುಂದೆ ಅದನ್ನೂ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೆ.

ಬೀದಿ ಸುತ್ತಿಕೊಂಡು ಓಡಿದೆ. ಮಗುವಿನ ಹಾಸಿಗೆ ಕಾಣುತ್ತಿರಲಿಲ್ಲ, ಬರೀ ಮಣ್ಣಿನ ಹೆಂಟೆಗಳು. ಜುಬೇದಾ ಎರಡೂ ಕೈಯಿಂದ ಬಾಚಿ ಬಾಚಿ ಎಸೆಯುತ್ತಿದ್ದಳು. ನಾನೂ ಕೂತು ಬಾಚಿದೆ. ಅವಳು ನನ್ನ ಮುಖ ನೋಡಲಿಲ್ಲ.

ಹಾಸಿಗೆಯ ಬಟ್ಟೆ ಕೈಗೆ ಸಿಕ್ಕಿತು. ಖಾಲಿ.

ಹಿತ್ತಲ ಬಾಗಿಲಲ್ಲಿ ಜುಬೇದಾಳ ತಾಯಿ ಖತೀಜಾ ಬೂಬಮ್ಮ ನಿಂತಿದ್ದರು. ತೋಳಲ್ಲಿ ಮಗು, ಮೈತುಂಬ ಎಣ್ಣೆ. ಮಗಳಿಗೆ ನಿದ್ದೆ ಹತ್ತಿದೆಯೆಂದು ಎಬ್ಬಿಸದೆ, ಮಗುವನ್ನು ಬಿಸಿಲಿಗೆ ಒಯ್ದಿದ್ದರಂತೆ. ಜುಬೇದಾ ಅದನ್ನು ಕಿತ್ತುಕೊಂಡು ಮೂಲೆಗೆ ಹೋಗಿ, ನಮ್ಮಿಬ್ಬರಿಗೂ ಬೆನ್ನು ಮಾಡಿ ಕೂತಳು.

ಬೂಬಮ್ಮ ಗೋಡೆಯ ತೂತನ್ನು ನೋಡಿದರು, ಆಮೇಲೆ ನನ್ನನ್ನು.

"ಒಂದು ಕೂಗು ಹಾಕಿದ್ರೆ ಕೈ ಬಡೀತಿದ್ನಲ್ಲ ಮಗಾ," ಎಂದರು. "ಅಷ್ಟೇ ಅಲ್ವಾ?"

ಅಷ್ಟೇ. ಊರಿನವರೆಲ್ಲರ ದನಿ ಅಣಕಿಸಲು ಬರುವವನಿಗೆ ಅಷ್ಟು ಬರಲಿಲ್ಲ.

ಮಧ್ಯಾಹ್ನ ನೆಂಟರ ಕಣ್ಣಿಗೆ ತೂತು ಬೀಳದಿರಲೆಂದು ಬೂಬಮ್ಮನವರೇ ಹೊಸ ಚಾದರವೊಂದನ್ನು ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಕರೀಂ ಸಾಬರು ಆಚೆಯಿಂದ, ನಾನು ಈಚೆಯಿಂದ ಮಣ್ಣು ಮೆತ್ತಿದೆವು. ಒಂದು ಕಡೆಯೇ ಹಸಿಯಾದರೆ ಗೋಡೆ ಬಾಗುತ್ತದಂತೆ. ಪ್ರತಿ ಮುದ್ದೆಗೂ ಮುನ್ನ ಅವರು ಕೂಗುತ್ತಿದ್ದರು, "ಹಾಕ್ಲೇನಪ್ಪಾ?" ತೂತು ಮುಚ್ಚುವವರೆಗೆ ಅವರ ಮುಖ ಕಾಣುತ್ತಿತ್ತು. ಮುಚ್ಚಿದ ಮೇಲೂ ಕೂಗಿದರು.

ಕೊರಟಗೆರೆಯ ಓದುಗರೊಬ್ಬರು ಈ ಅಂಕಣಕ್ಕೆ ಬರೆದು ಕೇಳಿದ್ದಾರೆ: ಜಂಟಿ ಗೋಡೆಯಲ್ಲಿ ನಮ್ಮ ಮಗ್ಗುಲಿಗೆ ಡಿಸ್ಟೆಂಪರ್ ಹೊಡೆಯಲು, ಮೊಳೆ ಬಡಿಯಲು ನೆರೆಯವರ ಪರ್ಮಿಷನ್ ಏಕೆ? ಬಣ್ಣ ನಿಮ್ಮಿಷ್ಟ ಸ್ವಾಮಿ, ಯಾವುದಾದರೂ ಬಳಿಯಿರಿ. ಸುತ್ತಿಗೆ ಎತ್ತುವ ಮುಂಚೆ ಮಾತ್ರ ಕೂಗಿ. ಪರ್ಮಿಷನ್ನಿಗಲ್ಲ, ಆಚೆ ಯಾರು ಮಲಗಿದ್ದಾರೋ ನಿಮಗೇನು ಗೊತ್ತು?

ನಮ್ಮ ಗೋಡೆ ಒಣಗಿ, ಸುಣ್ಣವೂ ಆಯಿತು. ಎಲ್ಲಿ ಒಡೆದಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ಜುಬೇದಾ ಮಾತ್ರ ಮಗುವನ್ನು ಇವತ್ತಿಗೂ ಎದುರು ಗೋಡೆಯ ಬದಿಗೇ ಮಲಗಿಸುತ್ತಾಳೆ.

ಅದಕ್ಕೆ ಯಾವ ಮಣ್ಣು ಮೆತ್ತಲಿ, ಹೇಳಿ?