ಮರದಲ್ಲಿ ಕಾಣದ ಹೆಂಡತಿ

ನನ್ನ ಗಂಡನಿಗೆ ನಾನು ಎರಡನೆಯವಳು. ಮೊದಲನೆಯವಳು ಔರಾದಿನವಳು, ಮದುವೆಯಾದ ಹೊಸತರಲ್ಲೇ ಕಾಮಾಲೆಯಾಗಿ ತೀರಿಕೊಂಡಳು. ನಮ್ಮ ಕಡೆಯ ರೂಢಿಯಂತೆ ಆಕೆಯ ಹೆಸರಿನ ಪುಟ್ಟ ಪದಕ ನನ್ನ ತಾಳಿಯ ಜೊತೆಗೇ ತೂಗುತ್ತದೆ. ಸವತಿ ಮಣ್ಣಿನ ಗೊಂಬೆಯಾದರೂ ಸವತಿಯೇ ಅನ್ನುತ್ತಿದ್ದಳು ಸಂತಪುರದ ನಮ್ಮವ್ವ. ಸುಳ್ಳಲ್ಲ. ಸತ್ತವಳು ಮುದುಕಿಯಾಗುವುದಿಲ್ಲ, ಗಂಡನ ಜೊತೆ ಜಗಳಾಡುವುದಿಲ್ಲ, ಅನ್ನ ಸೀಯಿಸುವುದಿಲ್ಲ. ಅಂಥವಳ ಜೊತೆ ನಾನು ಹೇಗೆ ಏಗಲಿ?

ಹೋದ ವರ್ಷ ಭಾಲ್ಕಿಯ ನಾದಿನಿ ಮೊಬೈಲಿನಲ್ಲಿ ವಂಶವೃಕ್ಷದ ಆ್ಯಪ್ ಹಾಕಿಕೊಂಡು ಮನೆತನದವರನ್ನೆಲ್ಲ ಅದರಲ್ಲಿ ಸೇರಿಸತೊಡಗಿದಳು. ಬೀದರಿನ ನಮ್ಮ ಮನೆಗೆ ಬಂದು, ನೋಂದಣಿಗೆ ನನ್ನ ಫೋನ್ ನಂಬರು, ಹುಟ್ಟಿದ ತಾರೀಖು, ನಮ್ಮವ್ವನ ಹೆಸರು ಬೇಕೆಂದಳು. ನನಗೆ ಸಿಟ್ಟು ಬಂತು.

“ಬ್ಯಾಂಕಿನಾಗೂ ತಾಯಿ ಹೆಸರೇ ಕೇಳ್ತಾರ. ಇದು ಯಾರ ಕೈಗೆ ಬಿದ್ದು ಏನಾಗ್ತದೋ. ನಂದೇನೂ ಯಾರಿಗೂ ಕಾಣಬಾರ್ದು ನೋಡು.”

“ಆಯ್ತು ಬಿಡ್ರಿ ವೈನಿ, ನಿಮ್ದೊಂದು ಮುಚ್ಚಿಡ್ತೇನಿ,” ಅಂದಳು.

ಮರುದಿನ ಗಂಡ ಚಹಾ ಕುಡಿಯುತ್ತ ಆ ಮರ ತೋರಿಸಿದರು. ಅವರ ಒಂದು ಬದಿಗೆ ಆಕೆ: ಹೆಸರು, ಫೋಟೊ, ಮೂಗಿನಲ್ಲಿ ನತ್ತು. ಇನ್ನೊಂದು ಬದಿಗೆ ಬರೀ ಬೂದು ಚೌಕ, ಒಳಗೆ ‘ಖಾಸಗಿ ವ್ಯಕ್ತಿ’. ಗಂಡ ಆಕೆಯ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು.

“ನಾ ಎಲ್ಲಿದ್ದೇನ್ರಿ?”

“ನೀನೇ ಬ್ಯಾಡ ಅಂದಿದ್ದಿ, ಈಗ ಯಾಕ ಕೇಳ್ತಿ?” ಅಂದು ಪಕ್ಕದ ಕೊಳಾರದ ಕಾರ್ಖಾನೆಗೆ ಹೊರಟುಹೋದರು.

ನಾದಿನಿ ಎಲ್ಲರಿಗೂ ಕಳಿಸಿದ್ದ ಲಿಂಕ್ ಒತ್ತಿ ನನ್ನ ಫೋನಿನಲ್ಲಿ ಆ ಮರ ತೆರೆದೆ. ಬೂದು ಚೌಕ ಒತ್ತಿದರೆ ಮತ್ತೆ ಅದೇ ರಾಗ: ನಂಬರು, ತಾರೀಖು, ಅವ್ವನ ಹೆಸರು. ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: ‘ಇವರು ಬದುಕಿದ್ದಾರೆಯೇ?’ ಸತ್ತವರಾದರೆ ಹೆಸರು, ಫೋಟೊ ಹಾಕಿದರೆ ಸಾಕಂತೆ. ಆಕೆಗೆ ಪುಕ್ಕಟೆ ಸಿಕ್ಕ ಜಾಗಕ್ಕೆ ನಾನ್ಯಾಕೆ ಅವ್ವನ ಹೆಸರು ಒತ್ತೆಯಿಡಲಿ? ‘ಇಲ್ಲ’ ಒತ್ತಿದೆ. ರೇಷ್ಮೆ ಸೀರೆಯ ಫೋಟೊ ಹಾಕಿದೆ. ಆಕೆಗಿಂತ ಚೆಂದ ಕಂಡೆ. ಸಮಾಧಾನವಾಗಿ ಫೋನ್ ಚಾರ್ಜಿಗೆ ಹಾಕಿ, ಮಾಳಿಗೆಯ ಮೇಲೆ ತೊಗರಿಬೇಳೆ ಒಣಹಾಕಲು ಹೋದೆ.

ಆ ಆ್ಯಪ್ ಸಾವಿನ ಸುದ್ದಿಯನ್ನು ಮರದಲ್ಲಿರುವವರಿಗೆಲ್ಲ ಕಳಿಸುತ್ತದೆಂದು ನನಗೇನು ಗೊತ್ತು? ನಾದಿನಿ ಅಳುತ್ತ ಅಣ್ಣನಿಗೆ ಫೋನ್ ಮಾಡಿದ್ದಾಳೆ. ಅವರು ನನಗೆ ಮಾಡಿದರೆ ಎತ್ತುವವರಿಲ್ಲ.

ಗೇಟಿನ ಸದ್ದಿಗೆ ಕೆಳಗಿಳಿದು ಬಂದೆ. ಗಂಡ ಬಾಗಿಲಲ್ಲಿದ್ದರು, ಕಾರ್ಖಾನೆಯ ಕೈಗವಸು ಕೂಡ ಕಳಚಿರಲಿಲ್ಲ. ನನ್ನನ್ನು ಕಂಡವರೇ ಹೊಸ್ತಿಲ ಮೇಲೆ ಕುಸಿದು ಗಳಗಳ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ನಡೆದದ್ದು ಹೇಳಿ ನೀರು ಕೊಟ್ಟೆ. ಅರ್ಧ ಮೈಮೇಲೆ ಚೆಲ್ಲಿಕೊಂಡರು. ಬೆನ್ನು ಸವರುತ್ತ ಸುಮ್ಮನಿರಬೇಕಿತ್ತು ನಾನು. ಬಾಯಿ ಕೇಳಲಿಲ್ಲ.

“ಆಕಿ ಹೋದಾಗೂ ಹಿಂಗೇ ಅತ್ತಿದ್ರೇನ್ರಿ?”