ಮರಿಯಜ್ಜನ ಪಟ

ಸತ್ತವರ ಮುಖ ಬರೆಯುವುದೇ ಶಶಿರೇಖಾಳ ಕಸುಬು. ಬಳ್ಳಾರಿಯ ಗಾಂಧಿನಗರದಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆಯಲ್ಲಿ ಕೂತು, ಜನ ತಂದುಕೊಟ್ಟ ಸಣ್ಣ ಫೋಟೋ ನೋಡಿ ಗೋಡೆಗೆ ಹಾಕುವಷ್ಟು ದೊಡ್ಡ ಮುಖವನ್ನು ಎಣ್ಣೆಬಣ್ಣದಲ್ಲಿ ಬರೆದುಕೊಡುತ್ತಿದ್ದಳು. ಈ ಬೇಸಿಗೆಯಲ್ಲಿ ಅವಳೇ ಹೋದಳು. ಮಳಿಗೆಯ ಬಾಗಿಲು ಮುಚ್ಚಿದೆ. ಅದರ ಮುಂದೆ ಹಾಯುವಾಗ ಕಾಲು ತಾನಾಗಿ ನಿಧಾನವಾಗುತ್ತದೆ. ಆದರೆ ಅಳುತ್ತಾ ನೆನೆದರೆ ಅವಳಿಗೆ ಸೇರುತ್ತಿರಲಿಲ್ಲ. ಕುರುಗೋಡಿನ ಹಳೆಯ ಪಟವೊಂದು ಕೈಗೆ ಸಿಕ್ಕ ದಿನಗಳಲ್ಲಿ ಅವಳು ಹೇಗೆ ಕುಣಿದಾಡಿದಳೋ ಹಾಗೆ ನೆನೆಯಬೇಕು.

ಅವಳು ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಚೀಲಗಳ ಮೇಲೆ ಗುರುತು ಹಾಕುತ್ತಿದ್ದ. ಗಿಳಿಯ ಆಕಾರ ಕತ್ತರಿಸಿದ ತಗಡನ್ನು ಚೀಲದ ಮೇಲಿಟ್ಟು ಬಣ್ಣ ಸವರಿದರೆ ಗಿಳಿ ಮೂಡುತ್ತಿತ್ತು. ಒಂದು ದಿನ ಮಗಳು ಆ ಗಿಳಿಗೆಲ್ಲ ಮೀಸೆ ಬರೆದಿಟ್ಟಳು. ಸಾವ್ಕಾರ ಬೈದ, ಅಪ್ಪ ಮಾತ್ರ ಬೆನ್ನು ತಿರುಗಿಸಿ ನಕ್ಕ. ಮದುವೆಯಾಗಿ ಬಳ್ಳಾರಿಗೆ ಬಂದಳು. ಗಂಡ ಬೇಗ ತೀರಿಕೊಂಡ. ಅವನ ಒಂದೇ ಒಂದು ಫೋಟೋ ನೋಡಿ ಅವಳು ಬರೆದದ್ದೇ ಮೊದಲ ಮುಖ. ಅದನ್ನು ನೋಡಿದ ಓಣಿಯವರು ತಮ್ಮ ಮನೆಯವರ ಫೋಟೋ ತಂದರು. ಕಸುಬು ಹಾಗೆ ಶುರುವಾಯಿತು. ಜೀವ ಇರುವವರ ಮುಖ ಬರೆಸಿಕೊಳ್ಳಲು ಮಾತ್ರ ಯಾರೂ ಬರಲಿಲ್ಲ.

ಅವಳಿಗೊಂದು ಆಸೆಯಿತ್ತು. ಹಿಂದಿನ ಕಾಲದವರು ಬರೆದ ಎಣ್ಣೆಬಣ್ಣದ ಚಿತ್ರವೊಂದನ್ನು ಕಣ್ಣ ಹತ್ತಿರ ಹಿಡಿದು, ಕುಂಚ ಎಲ್ಲಿ ಊರಿದೆ, ಎಲ್ಲಿ ಜಾರಿದೆ ಎಂದು ನೋಡಬೇಕು. ಪುಸ್ತಕದಲ್ಲಿ ಅಚ್ಚಾದದ್ದನ್ನಷ್ಟೇ ಅವಳು ನೋಡಿದ್ದಳು.

ಆಗ ಬಂದವನು ಹುಲಿಗೇಶ್. ಕುರುಗೋಡಿನವನು, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಬೈಕಿನ ಹಿಂದೆ ಕಂಬಳಿಯಲ್ಲಿ ಸುತ್ತಿ ತಂದಿದ್ದ ಪಟ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿತ್ತು. ಕೋಟು ತೊಟ್ಟ ಯಾರೋ ಕೂತಂತೆ ಒಂದು ನೆರಳು ಮಾತ್ರ ಕಾಣುತ್ತಿತ್ತು. ಇದು ತಮ್ಮ ಮನೆಯ ಹಿರಿಯ, ಮರಿಯಜ್ಜ ಎಂದ. ಕಂಟೋನ್ಮೆಂಟಿನ ದೊರೆಯ ಬಂಗಲೆಯಲ್ಲಿ ಅಜ್ಜ ಕುದುರೆ ನೋಡಿಕೊಂಡಿದ್ದನಂತೆ; ದೊರೆ ತನ್ನ ದೇಶಕ್ಕೆ ಹೋಗುವಾಗ ಪಟ ಕೊಟ್ಟು ಹೋದನಂತೆ. ಹುಲಿಗೇಶನ ಅಜ್ಜಿ ಪಾರಮ್ಮ ಸೊಸೆಯಾಗಿ ಬಂದಾಗಿನಿಂದ ಅದರ ಕೆಳಗೆ ದೀಪ ಹಚ್ಚುತ್ತಾ ಬಂದಿದ್ದಾಳೆ. ಹಿರಿಯರ ಹಬ್ಬಕ್ಕೆ ಬಾಡೂಟದ ಎಡೆ ಇಡುತ್ತಾಳೆ. ಆ ಸಲದ ಹಬ್ಬಕ್ಕೆ ಸಿರುಗುಪ್ಪದ ಹೊಸ ಬೀಗರು ಬರುವವರಿದ್ದರು. ಅಷ್ಟರೊಳಗೆ ಅಜ್ಜನ ಮುಖ ಕಾಣುವಂತಾಗಬೇಕು.

ಶಶಿರೇಖಾ ಹತ್ತಿಯ ತುದಿಗೆ ಉಗುಳು ಹಚ್ಚಿ ಒಂದು ಮೂಲೆ ಒರೆಸಿದಳು. ಹುಲಿಗೇಶನಿಗೆ ಗಾಬರಿಯಾಯಿತು.

"ಅಕ್ಕಾರೆ, ನಮ್ಮ ಅಜ್ಜಗ ಉಗುಳು ಹಚ್ಚಾಕತ್ತೀರಲ್ರಿ?"

ಹಳೆಯ ಬಣ್ಣಕ್ಕೆ ಪೆಟ್ಟಾಗದಂತೆ ಮಸಿ ತೆಗೆಯಲು ಬಲ್ಲವರೂ ಇದನ್ನೇ ಬಳಸುತ್ತಾರೆಂದು ಹೇಳಿ ಅವನನ್ನು ಕಳಿಸಿದಳು. ಮೊದಲು ಹಿತ್ತಾಳೆಯ ಗುಂಡಿಯೊಂದು ಹೊಳೆಯಿತು. ಆಮೇಲೆ ಗಡಿಯಾರದ ಸರಪಳಿ, ಕೋಲು ಹಿಡಿದ ಕೈ, ಕೈಯಲ್ಲಿ ಉಂಗುರ. ಉಂಗುರದ ಹೊಳಪು ಬರೀ ಒಂದು ಬಿಳಿ ಚುಕ್ಕೆ. ಬರೆದವನು ಒಮ್ಮೆ ಮುಟ್ಟಿಸಿ ಕೈ ಎತ್ತಿಬಿಟ್ಟಿದ್ದ. ಅದನ್ನು ನೋಡಿ ಅವಳು ಊಟಕ್ಕೇಳುವುದನ್ನೇ ಮರೆತಳು. ಸಿಕ್ಕಸಿಕ್ಕವರಿಗೆ ಫೋನ್ ಮಾಡಿ ಉಂಗುರದ ಸುದ್ದಿ ಹೇಳಿದಳು. ಅಜ್ಜನ ರುಮಾಲಿನ ಪಕ್ಕದ ಸುರುಳಿ ಮಾತ್ರ ವಿಚಿತ್ರವಾಗಿತ್ತು. ಒರೆಸಿದಷ್ಟೂ ಬಟ್ಟೆಯ ನೆರಿಗೆ ಕಾಣಲಿಲ್ಲ, ಗಟ್ಟಿ ಗೀರುಗಳು ಕಂಡವು. ಕೊನೆಗೆ ಕಣ್ಣು ಮೂಡಿತು. ಪಾಪೆ ದುಂಡಗಿರಲಿಲ್ಲ, ಅಡ್ಡಗೆರೆಯಂತಿತ್ತು.

ಅವಳು ಹತ್ತಿ ಬಿಸಾಡಿ ಗಿರಣಿಯ ಬಾಗಿಲ ತನಕ ಓಡಿಹೋಗಿ, ಏನು ಹೇಳಬೇಕೆಂದು ತಿಳಿಯದೆ ಹಾಗೇ ಓಡಿಬಂದಳು. ಕೋಟು ತೊಟ್ಟು, ರುಮಾಲು ಸುತ್ತಿ, ಕುರ್ಚಿಯ ಮೇಲೆ ಜಮೀನ್ದಾರನ ಗತ್ತಿನಲ್ಲಿ ಕೂತಿದ್ದುದು ಒಂದು ಟಗರು.

ಸುದ್ದಿ ಕೇಳಿ ಬಂದ ಹುಲಿಗೇಶ್ ನೋಡಿದ. ಕೂತ. ಮತ್ತೆ ಎದ್ದು ನೋಡಿದ.

"ಬೀಗರು ನೋಡಿದ್ರ ನಮ್ಮನ್ನ ಟಗರಿಗೆ ಹುಟ್ಟಿದವ್ರು ಅಂತ ಆಡಿಕೊಂತಾರ. ಅಕ್ಕಾರೆ, ಮುಖ ಬರಿಯಾದು ನಿಮ್ಮ ಕಸುಬು. ಒಂದು ಮೀಸಿ ಮುಖ ಬರೀರಿ, ಕೊಂಬು ರುಮಾಲಿನಾಗ ಮುಚ್ಚಿಬಿಡ್ರಿ. ಅಜ್ಜಿಗೆ ಹೇಳಾದು ಬ್ಯಾಡ."

ಅವಳಿಗೆ ಅದು ಒಂದು ಮಧ್ಯಾಹ್ನದ ಕೆಲಸ. ಆದರೆ ಆ ಕಣ್ಣಿನ ಮೇಲೆ ಕುಂಚ ಇಡಲು ಮನಸ್ಸಾಗಲಿಲ್ಲ. ಒಲ್ಲೆ ಅನ್ನಲೂ ಆಗಲಿಲ್ಲ. ಪಟ ಅವಳದಲ್ಲ, ಅದಕ್ಕೆ ದೀಪ ಹಚ್ಚಿದವಳು ಬೇರೆ ಇದ್ದಾಳೆ. ಪಾರಮ್ಮನಿಗೆ ತೋರಿಸೋಣ, ಆಕೆ ಮುಖ ಬರಿ ಅಂದರೆ ಅಲ್ಲೇ ಕೂತು ಬರೆಯುತ್ತೇನೆ ಎಂದು ಮಾತು ಕೊಟ್ಟಳು. ಕೊಟ್ಟ ಗಳಿಗೆಯಲ್ಲೇ ನಾಲಿಗೆ ಕಚ್ಚಿಕೊಂಡಳು. ಬಣ್ಣದ ಚೀಲ ಹೆಗಲಿಗೆ ಹಾಕಿ, ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಂಬಳಿಯ ಅಂಚು ಸರಿಸಿ ಸರಿಸಿ ನೋಡಿದಳು. ಇದು ಯಾರು, ಇವರಿಗೂ ಟಿಕೆಟ್ ಹರಿಯಬೇಕೋ ಎಂದು ಕಂಡಕ್ಟರ್ ಕೇಳಿದ.

ಪಾರಮ್ಮ ಪಟದ ಮುಂದೆ ಕೂತಳು. ಕೊಂಬಿನ ಸುರುಳಿಯ ಮೇಲೆ ಬೆರಳಾಡಿಸಿದಳು.

"ನಮ್ಮತ್ತಿ ಯಾವತ್ತೂ ಅಜ್ಜ ಅಂದಿಲ್ಲ," ಎಂದಳು ಪಾರಮ್ಮ. "'ಮರಿ ಕೆಳಗ ದೀಪ ಇಡವ್ವ' ಅಂತಿದ್ಲು. ದೀಪದ ಗೂಡು ಎಲ್ಲೈತಿ ಅಂತ ಗುರುತು ಹೇಳ್ತಿದ್ಲು, ಅಷ್ಟಾ. ನಾನು ಹೊಸ ಸೊಸಿ, ತಲಿ ಎತ್ತಿ ನೋಡಿದಾಕಿ ಅಲ್ಲ. ಮನಿ ಹಿರೇರನ್ನ ಬರೀ ಮರಿ ಅಂತ ಕರಿಯಾಕ ಬಾಯಿ ಬರಲಿಲ್ಲ. ಅಜ್ಜ ಅಂತ ನಾನಾ ಸೇರಿಸಿದೆ."

ಆ ಮನೆಯಲ್ಲಿ ಮರಿಯಪ್ಪನೆಂಬ ಹಿರಿಯನೂ ಇದ್ದದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅವಳೇ ಹಚ್ಚಿದ ದೀಪದ ಮಸಿ ಉಳಿದದ್ದನ್ನೂ ಮುಚ್ಚಿತ್ತು.

ಪಾರಮ್ಮನಿಗೆ ಇನ್ನೇನೋ ಹೊಳೆಯಿತು. ಸೆರಗು ಬಾಯಿಗೆ ಹೋಯಿತು. "ಯವ್ವಾ, ಇಷ್ಟು ವರ್ಷ ಮರಿ ಮುಂದ ಮರಿ ಸಾರು ಎಡಿ ಇಟ್ಟೀನಲ್ಲ," ಎಂದು ನಗತೊಡಗಿದವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಶಶಿರೇಖಾಳೂ ಗೋಡೆಗೊರಗಿ ನಕ್ಕಳು. ನಗದವನು ಹುಲಿಗೇಶ್ ಒಬ್ಬನೇ. ಮನುಷ್ಯನ ಮುಖ ಬರೆಸುವ ಮಾತನ್ನು ಅವನು ಮತ್ತೆ ತೆಗೆದ.

"ಮರಿಯಪ್ಪಜ್ಜನ ಮುಖ ನೀ ನೋಡಿಯೇನಲೇ?" ಎಂದಳು ಪಾರಮ್ಮ. "ನಾನೂ ನೋಡಿಲ್ಲ. ನಾ ಮಾಡಿದ್ದು ಗೊತ್ತಿಲ್ಲದ ತಪ್ಪು. ಯಾರದೋ ಮುಖ ಬರೆಸಿ ಅದಕ್ಕ ಎಡಿ ಇಡಾದು ಗೊತ್ತಿದ್ದೂ ಮಾಡೋ ತಪ್ಪು. ಬೀಗರು ನಕ್ರ ನಗಲಿ ಬಿಡು. ಉಂಡು ನಗ್ತಾರ."

ಟಗರು ಪಡಸಾಲೆಯ ಗೋಡೆಗೆ ಬರುವುದೆಂದೂ, ಹಿರಿಯನಿಗೆ ಬರೀ ಒಂದು ಕಲಶ ಇಟ್ಟು ಎಡೆ ಮಾಡುವುದೆಂದೂ ತೀರ್ಮಾನವಾಯಿತು. ಶಶಿರೇಖಾ ನಿರಾಳವಾಗಿ ಹೊಸ್ತಿಲ ಪಕ್ಕ ಕೂತುಬಿಟ್ಟಳು. ಆಗ ಪಾರಮ್ಮ ಬಣ್ಣದ ಚೀಲದ ಕಡೆ ಕೈ ತೋರಿಸಿದಳು.

"ತಂದದ್ದು ತಂದೀದಿ, ನನ್ನ ಬರಿ. ಸತ್ತ ಮ್ಯಾಲೆ ಆಧಾರ್ ಕಾರ್ಡಿನ ಫೋಟೋ ನೋಡಿ ಬರೀಬ್ಯಾಡ. ಮುಂದ ಮಸಿ ಹಿಡಿದ್ರ ಮೊಮ್ಮಕ್ಕಳು ನನ್ನ ಆಡು ಅಂದಾರು."

ಹುಲಿಗೇಶ್ ಹುಡುಕಿ ಪ್ಲೈವುಡ್ಡಿನ ತುಂಡೊಂದನ್ನು ತಂದುಕೊಟ್ಟ. ಅಷ್ಟು ವರ್ಷ ಮುಖ ಬರೆದವಳು ಆ ದಿನ ಹೊಸಬಳಂತೆ ಗೆರೆ ಎಳೆದೆಳೆದು ಅಳಿಸಿದಳು. ಫೋಟೋದ ಮುಖಗಳು ಕೂತಲ್ಲೇ ಕೂತಿರುತ್ತಿದ್ದವು. ಈಕೆ ಕೋಳಿಯನ್ನು ಗದರಿದಳು, ಎಲೆಅಡಿಕೆ ಹಾಕಿಕೊಂಡಳು, ಓಣಿಯಲ್ಲಿ ಹೋಗುವವರನ್ನು ಟಗರು ನೋಡಲು ಒಳಗೆ ಕರೆದಳು. ಚೂರು ಅಲುಗಾಡದೆ ಕೂರಬೇಕೆಂದು ಶಶಿರೇಖಾ ಕೇಳಿಕೊಂಡಳು.

"ಜೀವ ಐತಲ್ಲವ್ವ, ಅಲುಗಾಡ್ತೀನಿ. ನೀನಾ ಬೇಗ ಬರಿ."

ಶಶಿರೇಖಾ ಆಗಲೇ ಬರೆದಿದ್ದ ಮುಚ್ಚಿದ ತುಟಿಗಳನ್ನು ಬಟ್ಟೆಯಿಂದ ಒರೆಸಿ ತೆಗೆದಳು. ಮಾತಾಡುತ್ತಿರುವ ಬಾಯನ್ನು ಬರೆಯತೊಡಗಿದಳು.